ರೈಲಿಲ್ಲದ ಸ್ಟೇಷನ್, ಸ್ಟೇಷನ್ ಇಲ್ಲದ ಜಿಲ್ಲೆ

ಮೇ ತಿಂಗಳಲ್ಲಿ ಶನಿವಾರಸಂತೆಯಿಂದ ಚಿಕ್ಕಪ್ಪ ಬ್ರಿಸ್ಟಲ್‌ಗೆ ಬಂದಿದ್ದರು. ಅವರನ್ನು ವೇಲ್ಸ್‌ನ ಟಿಂಟರ್ನ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿನ ಹಳೇ ರೈಲ್ವೆ ಸ್ಟೇಷನ್ ಈಗ ಟೀ ಅಂಗಡಿ. ಪ್ಲಾಟ್‌ಫಾರಂ ಇದೆ, ಸಿಗ್ನಲ್ ಕ್ಯಾಬಿನ್ ಇದೆ, ಹಳೇ ಬೋಗಿಗಳೂ ಇವೆ. ಹಳಿ ಇದ್ದ ಕಡೆ ಹುಲ್ಲು. ಚಿಕ್ಕಪ್ಪ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು ಎರಡೂ ಕಡೆ ಕತ್ತು ಚಾಚಿ ನೋಡಿದರು.

"ಇದೇನೋ, ರೈಲೇ ಇಲ್ಲದ ಸ್ಟೇಷನ್ನು?"

"ನಮ್ಮ ಕೊಡಗು ಸ್ಟೇಷನ್ನೇ ಇಲ್ಲದ ಜಿಲ್ಲೆ ಅಲ್ವಾ ಚಿಕ್ಕಪ್ಪ" ಅಂದೆ.

ಚೆಪ್‌ಸ್ಟೋದಿಂದ ಮಾನ್‌ಮತ್‌ಗೆ ಹೋಗುವ ಈ ಲೈನ್ ಶುರುವಾಗಿದ್ದು 1876ರಲ್ಲಿ. ಪಾಳುಬಿದ್ದ ಟಿಂಟರ್ನ್ ಮಠ ನೋಡಲು ಬರುವ ಪ್ರವಾಸಿಗರು ಇಲ್ಲೇ ಇಳಿಯುತ್ತಿದ್ದರು. ಆದರೆ ಸ್ಟೇಷನ್ ಇರೋದು ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆ. ಊರೊಳಗೇ ಬಸ್ಸು ಬಂದ ಮೇಲೆ ಯಾರು ನಡೀತಾರೆ? 1959ರ ಜನವರಿಯಲ್ಲಿ ಪ್ಯಾಸೆಂಜರ್ ರೈಲು ನಿಂತಿತು, 1964ರಲ್ಲಿ ಗೂಡ್ಸೂ ನಿಂತಿತು. ಹಳ್ಳಿ ಸ್ಟೇಷನ್ ಮುಚ್ಚಿದ್ದಕ್ಕೆಲ್ಲ ಇಲ್ಲಿನವರು ಆಗಿನ ಬ್ರಿಟಿಷ್ ರೈಲ್ವೆ ಮುಖ್ಯಸ್ಥ ಬೀಚಿಂಗ್‌ಗೆ ಬೈಯುತ್ತಾರೆ. 1963ರ ವರದಿಯಲ್ಲಿ 2,363 ಸ್ಟೇಷನ್ ಮುಚ್ಚಿ ಅಂದವನು ಅವನೇ. ಪಾಪ, ಇದು ಮಾತ್ರ ಅವನ ತಪ್ಪಲ್ಲ.

ನಮ್ಮಲ್ಲಿ ತೋಟದ ಗೇಟಿನ ಹತ್ತಿರ ಕೈ ಅಡ್ಡ ಹಿಡಿದರೆ ಸಾಕು, ಬಸ್ಸು ನಿಲ್ಲುತ್ತೆ. ಮಡಿಕೇರಿಯಿಂದ ತರಿಸಿದ ಔಷಧಿಯನ್ನು ಕಂಡಕ್ಟರೇ ಕಿಟಕಿಯಿಂದ ಕೊಟ್ಟು ಹೋಗುತ್ತಾನೆ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಲೈನ್ ಹಾಕುವ ಮಾತು ಬಂದಾಗಲೆಲ್ಲ ನನಗೆ ಈ ಟಿಂಟರ್ನ್ ನೆನಪಾಗುತ್ತೆ. ಕುಶಾಲನಗರದಲ್ಲಿ ಇಳಿದವನಿಗೆ ಮಡಿಕೇರಿ ಇನ್ನೂ 30 ಕಿ.ಮೀ. ದೂರ. ಮತ್ತೆ ಬಸ್ಸೇ ಹತ್ತಬೇಕು. ರೈಲು ಬೇಡ ಅಂತಲ್ಲ. ಎಲ್ಲಿ ಇಳಿಸುತ್ತೆ ಅನ್ನೋದನ್ನು ಮೊದಲು ಕೇಳಬೇಕು ಅಷ್ಟೆ.

ಟಿಂಟರ್ನ್‌ನ ಆ ಹಳೇ ಲೈನಿನ ಟಿಡೆನ್‌ಹ್ಯಾಮ್ ಸುರಂಗವನ್ನು 2021ರಲ್ಲಿ ನಡೆಯುವವರಿಗೂ ಸೈಕಲ್‌ನವರಿಗೂ ತೆರೆದರು. ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಚಳಿಗಾಲದಲ್ಲಿ ಬಾಗಿಲು ಹಾಕುತ್ತಾರೆ, ಬಾವಲಿ ಮಲಗಲಿ ಅಂತ. ಇದನ್ನು ಹೇಳಿದಾಗ ಚಿಕ್ಕಪ್ಪ ಸುರಂಗದ ಮಧ್ಯದಲ್ಲೇ ನಿಂತುಬಿಟ್ಟರು.

"ಬಾವಲಿಗಾ? ನಾವು ಆನೆಗೇ ಪಟಾಕಿ ಹೊಡೀತೀವಲ್ಲೋ" ಅಂದರು. ಹೇಳಿದ್ದು ಮಾತ್ರ ಪಿಸುದನಿಯಲ್ಲಿ.