ಹಾಕದ ಟೀಗೆ ಹತ್ತು ಸಲ ಥ್ಯಾಂಕ್ಸ್

ಕಮ್ಮಿ ದುಡ್ಡಿನ ಹೋಟೆಲಲ್ಲಿ ತಿನ್ನೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಯಾರದೋ ಕುರ್ಚಿಯ ಹಿಂದೆ ನಿಂತು, ಅವರು ಕೊನೆಯ ಚೂರು ದೋಸೆಯಲ್ಲಿ ಚಟ್ನಿ ಒರೆಸುವುದನ್ನೇ ನೋಡುತ್ತಾ, ಅಷ್ಟರಲ್ಲಿ ಅವರೇನಾದರೂ ಇನ್ನೊಂದು ಕಾಫಿ ಹೇಳಿಬಿಟ್ಟರೆ ಮನಸ್ಸಲ್ಲೇ ಬೈದುಕೊಳ್ಳುತ್ತಾ ಬೆಳೆದವನು ನಾನು. ಹಾಗಾಗಿ ಆಫೀಸ್ ಕೆಲಸದ ಮೇಲೆ ಮೂರು ವಾರ ಹಾಂಗ್‌ಕಾಂಗ್‌ಗೆ ಹೋಗಿದ್ದಾಗ, ಅಲ್ಲಿನ ಸಹೋದ್ಯೋಗಿ "ಡಿಮ್ ಸಮ್ ತಿನ್ನೋಕೆ ಒಬ್ಬನೇ ಹೋಗಬೇಡ, ನಾನೂ ಬರ್ತೀನಿ" ಅಂದರೂ ಕೇಳದೆ, ಪುಟ್ಟ ಪುಟ್ಟ ಬುಟ್ಟಿಗಳಲ್ಲಿ ಬರುವ ಆ ಚೈನೀಸ್ ತಿಂಡಿಗಳಿಗಾಗಿ ಶಾಮ್ ಶುಯಿ ಪೊ ಕಡೆಗೆ ಮೆಟ್ರೋ ಹತ್ತಿದೆ. ಹಳೇ ರೇಡಿಯೋ, ಚಾರ್ಜರು, ವೈರು ಎಲ್ಲ ರಸ್ತೆ ಬದಿ ಗುಡ್ಡೆ ಹಾಕಿ ಮಾರುವ ಏರಿಯಾ. ನಮ್ಮ ಎಸ್‌ಪಿ ರೋಡಿಗೆ ಬಂದಷ್ಟೇ ಧೈರ್ಯ ಬಂತು.

ಅಲ್ಲೇ ಒಂದು ಡಿಮ್ ಸಮ್ ಹೋಟೆಲ್ ಒಳಗೆ ಹೋದರೆ ಸಂತೆ. ಸೀಟು ತೋರಿಸುವವರು ಯಾರೂ ಇಲ್ಲ. ಜನ ತಿನ್ನುವವರ ಬೆನ್ನ ಹಿಂದೆ ನಿಂತು ಕಾಯುತ್ತಿದ್ದಾರೆ! ಆಹಾ, ಇದು ನನ್ನ ವಿದ್ಯೆ. ಎರಡೇ ನಿಮಿಷದಲ್ಲಿ ಒಂದು ದುಂಡು ಮೇಜಿನಲ್ಲಿ ಕುರ್ಚಿ ಗಿಟ್ಟಿಸಿದೆ. ಮೇಜಿನಲ್ಲಿ ಆಗಲೇ ಒಬ್ಬ ತಾತ, ಅವರ ಮೊಮ್ಮಗಳು, ಮತ್ತೊಬ್ಬ ಹೆಂಗಸು ಇದ್ದರು. ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳುವುದು ಅಲ್ಲಿ ಮಾಮೂಲು. ಆ ದಿನ ನಾನು ಸರಿಯಾಗಿ ಮಾಡಿದ ಕೊನೆಯ ಕೆಲಸ ಅದು.

ಬಡಿಸುವ ಹೆಂಗಸು ಬಂದು ಏನೋ ಕೇಳಿದಳು. ನಾನು ತಲೆಯಾಡಿಸಿದೆ. ಯಾವ ಟೀ ಅಂತ ಕೇಳಿದ್ದಂತೆ. ಅಲ್ಲಿ ಡಿಮ್ ಸಮ್‌ಗೆ ಹೋಗೋದಕ್ಕೆ 'ಯಮ್ ಚಾ' ಅಂತಾರೆ, ಅಂದ್ರೆ ಟೀ ಕುಡಿಯೋದು. ತಿಂಡಿ ಏನಿದ್ದರೂ ಅದರ ಜೊತೆಗೆ. ತಲೆಗೆ ಇಷ್ಟು ಅಂತ ಟೀ ದುಡ್ಡು ಬಿಲ್ಲಿಗೆ ಸೇರಿಯೇ ಸೇರುತ್ತದೆ. ನನ್ನ ತಲೆಯಾಟಕ್ಕೆ ಬಂದದ್ದು ಬೋ ಲೇ ಅನ್ನುವ, ಅಜ್ಜಿಯ ಕಷಾಯದಷ್ಟು ಕಪ್ಪಗಿನ ಟೀ. ಜೊತೆಗೆ ಒಂದು ಕಪ್ಪು, ಒಂದು ಬಟ್ಟಲು, ಚಾಪ್‌ಸ್ಟಿಕ್ಕು, ಮಧ್ಯದಲ್ಲಿ ಒಂದು ದೊಡ್ಡ ಬೋಗುಣಿ. ಪಕ್ಕದ ಹೆಂಗಸು ಬಟ್ಟಲಿಗೆ ಟೀ ಸುರಿದುಕೊಂಡಳು. ನಾನೂ ಸುರಿದುಕೊಂಡೆ. ಅವಳು ಅದರಲ್ಲಿ ಚಾಪ್‌ಸ್ಟಿಕ್ ಅದ್ದಿದಳು, ನಾನೂ ಅದ್ದಿದೆ. ಕಪ್ಪನ್ನೂ ಅದರಲ್ಲೇ ಹೊರಳಿಸಿದಳು, ನಾನೂ ಹೊರಳಿಸಿದೆ. ಎಂಥ ಚೆಂದದ ಸಂಪ್ರದಾಯ ಅಂದುಕೊಂಡು ಬಟ್ಟಲೆತ್ತಿ ಗಟಗಟ ಕುಡಿದೆ. ಅವಳು ತನ್ನದನ್ನು ಬೋಗುಣಿಗೆ ಚೆಲ್ಲಿದಳು. ಪಾತ್ರೆ ತೊಳೆದ ನೀರು ಅದು.

ಮೇಜಿನ ಮೇಲೆ ಮೌನ. ತಾತ ಪೇಪರನ್ನು ಸ್ವಲ್ಪ ಮೇಲೆತ್ತಿ ಮುಖ ಮುಚ್ಚಿಕೊಂಡರು.

ಆರ್ಡರ್ ಮಾಡೋದಕ್ಕೆ ಒಂದು ಚೀಟಿ, ಒಂದು ಮೊಂಡು ಪೆನ್ಸಿಲ್. ಎಲ್ಲ ಚೈನೀಸ್‌ನಲ್ಲಿ. ಫೋನನ್ನು ಚೀಟಿಯ ಮೇಲೆ ಹಿಡಿದು ಅನುವಾದ ನೋಡಿದೆ. ಸೀಗಡಿ ಕಡುಬು ಅರ್ಥವಾಯಿತು, ಟಿಕ್. ಅಕ್ಕಿ ಹಿಟ್ಟಿನ ಸುರುಳಿ, ಟಿಕ್. ಮುಂದಿನ ಸಾಲಿನಲ್ಲಿ 'ಫೀನಿಕ್ಸ್ ಪಂಜ' ಅಂತ ಇತ್ತು. ನಮ್ಮಲ್ಲಿ ಚಂದ್ರಹಾರ ಅಂತ ಸಿಹಿ ಇಲ್ವಾ? ಅದನ್ನೇನು ಕತ್ತಿಗೆ ಹಾಕಿಕೊಳ್ತೀವಾ? ಇದೂ ಅಂಥದ್ದೇ ಏನೋ ಹೆಸರು, ಹಕ್ಕಿಯ ಉಗುರಿನ ಆಕಾರದ ಪೇಸ್ಟ್ರಿ ಇರಬೇಕು ಅಂತ ಅಲ್ಲಿ ಧಾರಾಳವಾಗಿ 2 ಅಂತ ಬರೆದೆ.

ಬಿದಿರಿನ ಬುಟ್ಟಿಗಳು ಬಂದವು. ಸೀಗಡಿಯ ಹಾ ಗಾವ್ ಮಾತ್ರ ಎಷ್ಟು ಹೊಗಳಿದರೂ ಸಾಲದು, ಹೊರಗಿನ ತೆಳ್ಳನೆ ಪದರದ ಮೂಲಕ ಒಳಗಿನ ಸೀಗಡಿ ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು, ನಾಲ್ಕು ಕಡುಬು ನಾಲ್ಕು ನಿಮಿಷದಲ್ಲಿ ಮುಗಿಯಿತು. ಆಮೇಲೆ ಇನ್ನೊಂದು ಬುಟ್ಟಿಯ ಮುಚ್ಚಳ ತೆಗೆದೆ. ಕೋಳಿ ಕಾಲು. ಕರಿದು, ನೆನೆಸಿ, ಸೋಯಾ ಕಾಳಿನ ಕಪ್ಪು ಸಾಸಿನಲ್ಲಿ ಬೇಯಿಸಿದ, ಬೆರಳೆಲ್ಲ ನೆಟ್ಟಗಿದ್ದ ಕೋಳಿ ಕಾಲು. ನಾನೇನು ಮಡಿವಂತನಲ್ಲ, ಕುರಿ ಕಾಲ್ ಸೂಪ್ ಕುಡಿದೇ ಬೆಳೆದವನು. ಆದರೆ ಕುರಿಯ ಕಾಲು ಹೀಗೆ ಕೈ ಕುಲುಕಲು ಬರುವುದಿಲ್ಲ. ಮುಚ್ಚಳ ವಾಪಸ್ ಹಾಕಿದೆ. ಎರಡನೇ ಬುಟ್ಟಿಯನ್ನು ತೆರೆಯಲೇ ಇಲ್ಲ.

ಅಕ್ಕಿ ಸುರುಳಿಗೆ ಬಂದೆ. ಚಿಯಂಗ್ ಫನ್ ಅಂತ ಅದರ ಹೆಸರು. ನೀರ್ ದೋಸೆಯನ್ನು ಹಬೆಯಲ್ಲಿ ಬೇಯಿಸಿ ಸುತ್ತಿ, ಮೇಲೆ ಸೋಯಾ ಸಾಸ್ ಸುರಿದ ಹಾಗಿರುತ್ತದೆ. ಸಾಬೂನಿನ ಹಾಗೆ ಜಾರುತ್ತದೆ ಕೂಡ. ನನ್ನ ಚಾಪ್‌ಸ್ಟಿಕ್‌ನಿಂದ ಹಾರಿ ತಾತನ ಪೇಪರ್ ಮೇಲೆ ಬಿತ್ತು. ಭಾನುವಾರ ಶಾ ಟಿನ್‌ನಲ್ಲಿ ಕುದುರೆ ರೇಸು, ತಾತ ಅದರ ಪುಟ ಓದುತ್ತಿದ್ದರು. ಸುರುಳಿ ಎತ್ತಿ ಪಕ್ಕಕ್ಕಿಟ್ಟು, ಸಾಸಿನ ಕಲೆ ಯಾವ ಕುದುರೆಯ ಮೇಲಿದೆ ಅಂತ ನೋಡಿದರು. ಸ್ವಲ್ಪ ಯೋಚಿಸಿದರು. ನನ್ನ ಪೆನ್ಸಿಲ್ ತೆಗೆದುಕೊಂಡು ಆ ಹೆಸರಿಗೆ ಸುತ್ತು ಹಾಕಿದರು.

ಅಷ್ಟರಲ್ಲಿ ನನ್ನ ಟೀ ಜಗ್ಗು ಖಾಲಿ. ಕೈ ಎತ್ತಿದೆ, ಕರೆದೆ, ಯಾರೂ ತಿರುಗಿ ನೋಡಲಿಲ್ಲ. ತಾತನೇ ಕನಿಕರಪಟ್ಟು ತಮ್ಮ ಜಗ್ಗಿನಿಂದ ನನಗೂ ಮೊಮ್ಮಗಳಿಗೂ ಹಾಕಿದರು. ಅವಳು ಎರಡು ಬೆರಳಿನಿಂದ ಮೇಜನ್ನು ಟಕಟಕ ತಟ್ಟಿದಳು. ಓಹೋ, ಟೀ ಬೇಕಾದರೆ ಮೇಜು ತಟ್ಟಬೇಕು! ಕಪ್ಪು ಮುಗಿದ ಕೂಡಲೇ ತಟ್ಟಿದೆ. ತಾತ ನಕ್ಕು ತಲೆಯಾಡಿಸಿದರು, ಟೀ ಹಾಕಲಿಲ್ಲ. ಮತ್ತೆ ತಟ್ಟಿದೆ. ಇನ್ನೂ ಖುಷಿಯಿಂದ ತಲೆಯಾಡಿಸಿದರು. ಕಿವಿ ಮಂದ ಇರಬೇಕು ಅಂತ ಚಾಪ್‌ಸ್ಟಿಕ್ ಕುಣಿಯುವ ಹಾಗೆ ತಟ್ಟಿದೆ. ಆಚೆ ಕೂತಿದ್ದ ಹೆಂಗಸೂ ತಲೆಯಾಡಿಸಿದಳು.

ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ತಟ್ಟೋದು ಅಂದ್ರೆ ಥ್ಯಾಂಕ್ಸ್. ಚಿಯೆನ್‌ಲುಂಗ್ ಅನ್ನೋ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ತನ್ನ ಸೇವಕನಿಗೆ ಟೀ ಹಾಕಿದನಂತೆ, ಎಲ್ಲರೆದುರು ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತೆ ಅಂತ ಅವನು ಬೆರಳು ಮಡಚಿ ಮೇಜಿಗೆ ತಟ್ಟಿದನಂತೆ. ಅಂತೂ ಒಂದು ಕಥೆ. "ನೀವು ನಮ್ಮ ತಾತನಿಗೆ ಹತ್ತು ಸಲ ಥ್ಯಾಂಕ್ಸ್ ಹೇಳಿದ್ರಿ, ಅವರಿಗೆ ತುಂಬಾ ಇಷ್ಟ ಆಯ್ತು. ಟೀ ಬೇಕಿದ್ರೆ ಜಗ್ಗಿನ ಮುಚ್ಚಳ ಓರೆ ಮಾಡಿಡಿ, ಸಾಕು." ಓರೆ ಮಾಡಿದೆ. ಬಡಿಸುವ ಹೆಂಗಸು ಕರೆಯದೆಯೇ ಬಂದು ಬಿಸಿನೀರು ಸುರಿದು ಹೋದಳು.

ಇಷ್ಟು ಉಪಕಾರ ಮಾಡಿದವರಿಗೆ ಏನಾದರೂ ಕೊಡಬೇಕಲ್ವಾ? ಕೋಳಿ ಕಾಲಿನ ಎರಡೂ ಬುಟ್ಟಿಗಳನ್ನು ಭಕ್ತಿಯಿಂದ ತಾತನ ಮುಂದೆ ಸರಿಸಿದೆ. ಕೃತಜ್ಞತೆಗೆ ಕೃತಜ್ಞತೆ, ಸಮಸ್ಯೆಗೆ ಪರಿಹಾರ. ತಾತನ ಮುಖ ಅರಳಿತು. ಮುಚ್ಚಳ ತೆಗೆದು, ಚಾಪ್‌ಸ್ಟಿಕ್‌ನಿಂದ ಬುಟ್ಟಿಯನ್ನೆಲ್ಲ ಕೆದಕಿ, ಇದ್ದುದರಲ್ಲೇ ದೊಡ್ಡ ಕಾಲೊಂದನ್ನು ಆರಿಸಿ ನನ್ನ ಬಟ್ಟಲಿಗೆ ಹಾಕಿದರು. ಹಾಕಿ, ನಾನು ತಿನ್ನುವುದನ್ನು ನೋಡಲು ಪೇಪರ್ ಮಡಚಿಟ್ಟರು.

ಎರಡು ಬೆರಳಲ್ಲಿ ಮೇಜು ತಟ್ಟಿದೆ. ಈ ಸಲ ಮೆಲ್ಲಗೆ.