ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ ಹಾಕಿದ ಮೇಲೆ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರಲ್ಲ. ಉದ್ದ ಆಗುತ್ತೆ, ಆದರೂ ಓದಿ. ಮನೆ ಕೊಳ್ಳುವ ಯೋಚನೆ ಇರುವವರಂತೂ ಓದಲೇಬೇಕು.

ತಮ್ಮನ ಜೊತೆ ಕನಕಪುರ ರಸ್ತೆಯ ಒಬ್ಬ ಬಿಲ್ಡರ್ ಆಫೀಸಿಗೆ ಹೋಗಿದ್ದೆ. ಹೆಸರು ಬೇಡ. ಕಳೆದ ವರ್ಷ ದಸರಾ ಹೊತ್ತಿಗೆ ತಮ್ಮ ಅಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದ. ಬೆಲೆ 86 ಲಕ್ಷ. ಬುಕಿಂಗಿಗೆ 2 ಲಕ್ಷ ಕೊಟ್ಟ. ಅಗ್ರಿಮೆಂಟ್ ಹೊತ್ತಿಗೆ ಶೇ 10 ಪೂರ್ತಿ ಮಾಡಿದ. ಅಡಿಪಾಯ ಮುಗಿದಾಗ ಇನ್ನೊಂದು ಶೇ 10. ಒಟ್ಟು 17 ಲಕ್ಷದ 20 ಸಾವಿರ. ಗಂಡ ಹೆಂಡತಿ ಇಬ್ಬರ ಉಳಿತಾಯವೆಲ್ಲ ಅದೇ. ಅವಳ ಎರಡೆಳೆ ಸರವೂ ಅದರಲ್ಲಿ ಸೇರಿದೆ. ಬ್ಯಾಂಕ್ ಸಾಲ ಮಂಜೂರಾಗಿತ್ತು, ಹಣ ಇನ್ನೂ ಬಿಡುಗಡೆ ಆಗಿರಲಿಲ್ಲ. ಅಷ್ಟರಲ್ಲಿ ಅವನ ಕೆಲಸ ಹೋಯಿತು.

ಕೆಲಸವಿಲ್ಲದೆ ಇಪ್ಪತ್ತು ವರ್ಷದ ಇಎಂಐ ಹೊರುವುದು ಹೇಗೆ? ಫ್ಲ್ಯಾಟ್ ಬೇಡ, ಹಣ ವಾಪಸ್ ಕೊಡಿ ಅಂತ ಕೇಳಲು ಹೋದೆವು.

ಮ್ಯಾನೇಜರ್ ಫೈಲ್ ತೆರೆಯಲೂ ಇಲ್ಲ. "ಅಗ್ರಿಮೆಂಟ್ ರಿಜಿಸ್ಟರ್ ಆಗಿದೆ ಸರ್. ಈಗ ಕ್ಯಾನ್ಸಲ್ ಅಂದ್ರೆ ಇಪ್ಪತ್ತು ಪರ್ಸೆಂಟ್ ಹೋಗುತ್ತೆ" ಅಂದರು.

86 ಲಕ್ಷದ ಶೇ 20 ಎಷ್ಟು? 17 ಲಕ್ಷದ 20 ಸಾವಿರ. ಅಂದರೆ ಕೊಟ್ಟಿದ್ದು ಅಷ್ಟೂ. ತಮ್ಮ ಮಾತೇ ಆಡಲಿಲ್ಲ. ಅವನ ಹೆಂಡತಿ ನನ್ನ ಕಡೆ ತಿರುಗಿ, "ಅತ್ತಿಗೆ, ಎಲ್ಲಾನೂನಾ?" ಅಂದಳು.

ನಾನು ಅಗ್ರಿಮೆಂಟ್ ಕೊಡಿ ಅಂತ ಕೇಳಿದೆ. 58 ಪುಟ. ಪ್ರತಿ ಪುಟದ ಕೆಳಗೂ ತಮ್ಮನ ಸಹಿ. ಪ್ರತಿ ಸಹಿಯ ಪಕ್ಕ ಚಿಕ್ಕದಾಗಿ ಒಂದು ಪೆನ್ಸಿಲ್ ಗುರುತು, ಯಾರೂ ಅಳಿಸಿಲ್ಲ. ಕ್ಯಾನ್ಸಲೇಶನ್ ಷರತ್ತು ಸಿಕ್ಕಿದ್ದು 41ನೇ ಪುಟದಲ್ಲಿ. "ಇದನ್ನ ಓದಿದ್ದೇನೋ?" ಅಂತ ಕೇಳಿದೆ. "ಇಲ್ಲ ಅಕ್ಕಾ. ಗುರುತು ಹಾಕಿರೋ ಕಡೆಯೆಲ್ಲ ಸಹಿ ಮಾಡಿ ಅಂದ್ರು. ಹಿಂದೆ ಇನ್ನೂ ನಾಲ್ಕು ಜನ ಕಾಯ್ತಿದ್ರು."

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಹದಿನೆಂಟು ವರ್ಷ ನಾನು ಕೂತಿದ್ದು ಬ್ಯಾಂಕಿನ ಗೃಹಸಾಲದ ಟೇಬಲ್ಲಿನಲ್ಲಿ ಅಂತ ನಿಮಗೆಲ್ಲ ಗೊತ್ತು. ಆ ಪೆನ್ಸಿಲ್ ಗುರುತುಗಳನ್ನು ನಾನೂ ಹಾಕಿದ್ದೇನೆ. ತಿಂಗಳ ಕೊನೆಯಲ್ಲಿ ಒಂದೇ ದಿನ ಹತ್ತು ಫೈಲ್ ಮುಗಿಸಬೇಕಾಗಿತ್ತು. "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟು ತೋರಿಸಿದ್ದೇನೆ. ಒಮ್ಮೆ ಚನ್ನಪಟ್ಟಣದ ಕಡೆಯ ಒಬ್ಬ ಹಿರಿಯರು ಕನ್ನಡಕ ತೆಗೆದು ಓದಲು ಶುರು ಮಾಡಿದ್ದರು. ಹಿಂದೆ ಕ್ಯೂ ಇದೆ ಯಜಮಾನರೇ ಅಂದುಬಿಟ್ಟೆ. ಅವರು ಕನ್ನಡಕ ಮಡಚಿ ಜೇಬಿಗಿಟ್ಟು ಸಹಿ ಹಾಕಿದರು. ನಿನ್ನೆ 41ನೇ ಪುಟ ನೋಡುವಾಗ ಅವರ ಮುಖವೇ ಕಣ್ಣ ಮುಂದೆ ಬಂತು.

ಈಗ ವಿಷಯಕ್ಕೆ ಬರ್ತೀನಿ. ಸಹಿ ಹಾಕಿದ ಮೇಲೆ ಹಿಂದೆ ಸರಿಯಬಹುದಾ? ಸರಿಯಬಹುದು. ಅಗ್ರಿಮೆಂಟ್ ಅಂದರೆ ಕ್ರಯಪತ್ರ ಅಲ್ಲ. ಕ್ರಯಪತ್ರ ರಿಜಿಸ್ಟರ್ ಆಗಿಬಿಟ್ಟರೆ ಮನೆ ನಿಮ್ಮದು, ಬೇಡ ಅಂದರೆ ನೀವೇ ಇನ್ನೊಬ್ಬರಿಗೆ ಮಾರಬೇಕು. ಅಗ್ರಿಮೆಂಟ್ ಹಂತದಲ್ಲಿ ಹಾಗಲ್ಲ. ಅದು ಮುಂದೆ ಕೊಳ್ಳುತ್ತೇನೆ ಅನ್ನುವ ಕರಾರು. ಮುರಿದರೆ ನಷ್ಟ ಕೊಡಬೇಕು, ನಿಜ. ಎಷ್ಟು ಅನ್ನುವುದೇ ಪ್ರಶ್ನೆ. "ಸಹಿ ಹಾಕಿದಿರಿ, ಮುಗೀತು" ಅನ್ನುವುದು ಕಾನೂನಲ್ಲ, ಹೆದರಿಸುವ ಮಾತು.

ಬಿಲ್ಡರ್ ತಪ್ಪಿದ್ದರೆ ಲೆಕ್ಕ ಸುಲಭ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 2016ರ ರೇರಾ ಕಾಯ್ದೆ, ಅಂದರೆ ಬಿಲ್ಡರ್‌ಗಳನ್ನು ಹದ್ದಿನಲ್ಲಿಡುವ ರಿಯಲ್ ಎಸ್ಟೇಟ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಪೂರ್ತಿ ಹಣ ಬಡ್ಡಿ ಸಮೇತ ವಾಪಸ್ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ಸಾಲಗಳಿಗೆ ಇಟ್ಟುಕೊಳ್ಳುವ ಮೂಲ ಬಡ್ಡಿ ದರ) ಮೇಲೆ ಇನ್ನೂ ಶೇ 2. ಇದು ಷರತ್ತಿಲ್ಲದ ಹಕ್ಕು ಅಂತ ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲೇ ಹೇಳಿದೆ. ಜಾಹೀರಾತಿನಲ್ಲಿ ಸುಳ್ಳು ಹೇಳಿ ಮಾರಿದ್ದರೆ 12ನೇ ಸೆಕ್ಷನ್ ಇದೆ, ಅಲ್ಲೂ ಹಣ ಬಡ್ಡಿ ಸಮೇತ ವಾಪಸ್.

ನಮ್ಮದು ಆ ಥರ ಅಲ್ಲ. ಬಿಲ್ಡರ್ ಕೆಲಸ ಸರಿಯಾಗೇ ನಡೆದಿದೆ. ಕಷ್ಟ ಬಂದಿದ್ದು ನಮಗೆ. ಇಂಥ ಕಡೆ ಏನಾಗಬೇಕು ಅನ್ನುವುದೂ ಬರಹದಲ್ಲೇ ಇದೆ. ಕರ್ನಾಟಕದ 2017ರ ರೇರಾ ನಿಯಮಗಳ ಜೊತೆ ಒಂದು ಮಾದರಿ ಕರಾರು ಇದೆ. ಬಿಲ್ಡರ್ ತಪ್ಪಿಲ್ಲದೆ ಗ್ರಾಹಕ ಹಿಂದೆ ಸರಿದರೆ ಬುಕಿಂಗ್ ಹಣ ಮಾತ್ರ ಮುಟ್ಟುಗೋಲು, ಉಳಿದದ್ದು ವಾಪಸ್ ಅಂತ ಅದರಲ್ಲಿ ಇದೆ. ರಿಜಿಸ್ಟರ್ಡ್ ಅಗ್ರಿಮೆಂಟ್ ಮಾಡದೆ ಶೇ 10ಕ್ಕಿಂತ ಜಾಸ್ತಿ ಹಣ ತಗೊಳ್ಳುವ ಹಾಗಿಲ್ಲ ಅಂತ ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಹಾಗಿರುವಾಗ 41ನೇ ಪುಟದ ಶೇ 20 ಎಲ್ಲಿಂದ ಬಂತು?

2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗುರುಗ್ರಾಮದ ಒಂದು ಫ್ಲ್ಯಾಟಿನ ಕೇಸು ತೀರ್ಮಾನ ಮಾಡಿತು. ಅಲ್ಲೂ ಬಿಲ್ಡರ್ ಮನೆ ಕಟ್ಟಿ ಮುಗಿಸಿದ್ದರು. ಮಾರುಕಟ್ಟೆ ಬಿದ್ದಿದೆ ಅಂತ ಕೊಂಡವರೇ ಬೇಡ ಅಂದರು. ಅಲ್ಲಿಯ ಕರಾರಿನಲ್ಲೂ ಶೇ 20 ಮುಟ್ಟುಗೋಲು ಅಂತಲೇ ಇತ್ತು. ಇದು ಏಕಪಕ್ಷೀಯ ಕರಾರು, ಶೇ 10 ಮಾತ್ರ ಹಿಡಿದುಕೊಳ್ಳಿ ಅಂತ ಕೋರ್ಟ್ ಹೇಳಿತು. ಗ್ರಾಹಕರ ಆಯೋಗ ಕೊಡಿಸಿದ್ದ ಬಡ್ಡಿಯನ್ನು ಮಾತ್ರ ತೆಗೆದುಹಾಕಿತು. ಅದು ನ್ಯಾಯ ಅಂತಲೇ ನನಗೂ ಅನ್ನಿಸಿತು. ಬೆಲೆ ಇಳಿಯಿತು ಅಂತ ಬಿಟ್ಟು ಹೋಗುವವರಿಗೆ ಬಡ್ಡಿ ಯಾಕೆ? ಅಂಥವರಿಗೇ ಶೇ 10ಕ್ಕಿಂತ ಜಾಸ್ತಿ ಹಿಡಿಯಬೇಡಿ ಅಂದಿರುವಾಗ, ಕೆಲಸ ಕಳೆದುಕೊಂಡವನ ಹತ್ತಿರ ಶೇ 20 ಹೇಗೆ ಕೇಳ್ತೀರಿ?

ಇದನ್ನೇ ಹೇಳಿದೆ. ಮ್ಯಾನೇಜರ್ ಜೋರು ಮಾಡಲಿಲ್ಲ, ಪಾಪ. "ಮೇಡಂ, ಎಲ್ಲರೂ ಹೀಗೆ ಬಿಟ್ಟು ಹೋದರೆ ನಾವು ಕಟ್ಟೋದು ಹೇಗೆ? ನಿಮಗೋಸ್ಕರ ಆ ಫ್ಲ್ಯಾಟ್ ಬ್ಲಾಕ್ ಮಾಡಿದ್ವಿ, ಬೇರೆ ಕಸ್ಟಮರ್ ಹೋದರು" ಅಂದರು. ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಗ್ರಾಹಕರ ಹಣದಲ್ಲಿ ಶೇ 70 ಬೇರೆ ಖಾತೆಯಲ್ಲಿಟ್ಟು ಜಾಗಕ್ಕೂ ಕಟ್ಟಡಕ್ಕೂ ಮಾತ್ರ ಖರ್ಚು ಮಾಡಬೇಕು ಅಂತ ಕಾನೂನಿದೆ. ಸಿಮೆಂಟಿಗೆ ಹೋದ ಹಣ ಒಂದೇ ದಿನದಲ್ಲಿ ವಾಪಸ್ ತರುವುದು ಕಷ್ಟ, ಒಪ್ಪುತ್ತೇನೆ. ಆದರೆ ಅವರ ಕುರ್ಚಿಯ ಹಿಂದೆಯೇ ರೇಟಿನ ಬೋರ್ಡ್ ತೂಗುಹಾಕಿತ್ತು. ಅದೇ ಅಳತೆಯ ಫ್ಲ್ಯಾಟ್ ಈಗ 97 ಲಕ್ಷ. ತಮ್ಮ ಬಿಟ್ಟುಕೊಟ್ಟ ಮನೆಯನ್ನು ನಾಳೆಯೇ 11 ಲಕ್ಷ ಜಾಸ್ತಿಗೆ ಮಾರಬಹುದು. ನಷ್ಟ ಎಲ್ಲಿ ಆಯಿತು? 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಕೂಡ ನ್ಯಾಯವಾದಷ್ಟು ಪರಿಹಾರ ಅಂತಲೇ ಹೇಳುತ್ತದೆ. ಕರಾರಿನಲ್ಲಿ ಬರೆದಿದ್ದೆಲ್ಲ ಸಿಗುತ್ತದೆ ಅಂತ ಹೇಳಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಇದಾದ ಮೇಲೆ. ಮ್ಯಾನೇಜರ್ ಡ್ರಾಯರಿನಿಂದ ಒಂದು ಹಾಳೆ ತೆಗೆದು ತಮ್ಮನ ಮುಂದಿಟ್ಟರು. "ಇದಕ್ಕೊಂದು ಸಹಿ ಹಾಕಿ ಸರ್, ಪ್ರೊಸೆಸ್ ಶುರು ಮಾಡ್ತೀವಿ. ಸುಮ್ನೆ ಫಾರ್ಮಾಲಿಟಿ." ಎಂಟು ಸಾಲಿನ ಪತ್ರ. ಆರನೇ ಸಾಲಿನಲ್ಲಿ, ಕಂಪನಿಯ ನಿಯಮದಂತೆ ಕಡಿತ ಮಾಡಲು ನನ್ನ ಪೂರ್ಣ ಒಪ್ಪಿಗೆ ಇದೆ, ಮುಂದೆ ಯಾವ ತಕರಾರೂ ಮಾಡುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಇತ್ತು. ಕೆಳಗೆ ಮತ್ತೆ ಪೆನ್ಸಿಲ್ ಗುರುತು. ತಮ್ಮ ಆಗಲೇ ಪೆನ್ನಿನ ಕ್ಯಾಪ್ ತೆಗೆದಿದ್ದ. ನಾನು ಅವನ ಕೈ ಹಿಡಿದೆ.

ನೋಡಿ, ಕೆಲಸ ಹೋಗಿ ಎರಡು ವಾರದಿಂದ ಸರಿಯಾಗಿ ಊಟ ಮಾಡದವನು ಅವನು. ಅವನಿಗೆ ಆ ಆರನೇ ಸಾಲು ಕಾಣುತ್ತಾ? ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ವಾ? ಒಂದು ಷರತ್ತು ಓದಿ ಹೇಳಲು ಎರಡು ನಿಮಿಷ ಸಾಕು. 17 ಲಕ್ಷ ಇಸಿದುಕೊಳ್ಳುವಾಗ ಆ ಎರಡು ನಿಮಿಷ ಯಾರ ಹತ್ತಿರವೂ ಇರಲಿಲ್ಲ.

ಸಿಡ್ನಿಯಲ್ಲಿರುವ ಚಿಕ್ಕಮ್ಮನ ಮಗಳಿಗೆ ರಾತ್ರಿ ಫೋನ್ ಮಾಡಿದ್ದೆ. ಅವರ ರಾಜ್ಯದಲ್ಲಿ ಮನೆಯ ಕರಾರಿಗೆ ಸಹಿ ಹಾಕಿದ ಮೇಲೂ ಐದು ಕೆಲಸದ ದಿನ ಯೋಚನೆ ಮಾಡಲು ಸಮಯ ಕೊಡುತ್ತಾರೆ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಹತ್ತು ಕೆಲಸದ ದಿನ. ಅಷ್ಟರೊಳಗೆ ಬೇಡ ಅಂದರೆ ಬೆಲೆಯ ಶೇ 0.25 ಮಾತ್ರ ಹೋಗುತ್ತದೆ. ಹರಾಜಿನಲ್ಲಿ ಕೊಂಡರೆ ಆ ಅವಕಾಶ ಇಲ್ಲ. ನಮ್ಮ ರೇರಾದಲ್ಲಿ ಇಂಥದ್ದೊಂದು ಹತ್ತು ದಿನ ಇದ್ದಿದ್ದರೆ ಎಷ್ಟೋ ಜನ ಮನೆಗೆ ಹೋಗಿ 41ನೇ ಪುಟ ಓದುತ್ತಿದ್ದರು.

ಇನ್ನೊಂದು ಮಾತು, ಇದು ಬಿಲ್ಡರ್ ಹತ್ತಿರ ಅಲ್ಲದೆ ಇನ್ನೊಬ್ಬ ಮಾಲೀಕರಿಂದ ಹಳೆ ಮನೆ, ಸೈಟು ಕೊಳ್ಳುವವರಿಗೆ. ರೇರಾದ ಈ ರಕ್ಷಣೆ ನಿಮಗಿಲ್ಲ. ನಮ್ಮ ಬೆಂಗಳೂರಿನದೇ ಒಂದು ಕೇಸಿದೆ. 2007ರಲ್ಲಿ 55.5 ಲಕ್ಷಕ್ಕೆ ಕರಾರು, 20 ಲಕ್ಷ ಮುಂಗಡ, ಉಳಿದದ್ದು ನಾಲ್ಕು ತಿಂಗಳಲ್ಲಿ ಕೊಡಬೇಕಿತ್ತು. ಆಗಲಿಲ್ಲ. ಕೊಂಡವರು ಕೋರ್ಟಿಗೆ ಹೋದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ 20 ಲಕ್ಷ ವಾಪಸ್ ಕೊಡಿಸಲಿಲ್ಲ. ತಪ್ಪಿದರೆ ಮುಂಗಡ ಹೋಗುತ್ತದೆ ಅಂತ ಕರಾರಿನಲ್ಲಿತ್ತು. ಅದರ ಜೊತೆಗೆ, ಮುಂಗಡ ವಾಪಸ್ ಕೊಡಿಸಿ ಅಂತ ದಾವೆಯಲ್ಲಿ ಕೇಳಿಯೇ ಇರಲಿಲ್ಲ. ಮುಂಗಡ ಅಂತ ಕೊಡುವಾಗ ಆ ಒಂದು ಸಾಲು ಏನು ಹೇಳುತ್ತದೆ ಅಂತ ನೋಡಿಕೊಂಡೇ ಕೊಡಿ.

ಜಿಎಸ್‌ಟಿ ವಿಷಯವನ್ನೂ ಹೇಳಿಬಿಡ್ತೀನಿ. ತಮ್ಮ ಕಟ್ಟಿದ್ದು 86 ಸಾವಿರ. ಅದು ಸರ್ಕಾರಕ್ಕೆ ಹೋಯಿತು, ಮರೆತುಬಿಡಿ ಅಂದರು ಮ್ಯಾನೇಜರ್. ಮರೆಯಬೇಕಿಲ್ಲ. ಬಿಲ್ಡರ್ ಕ್ರೆಡಿಟ್ ನೋಟ್ (ಹಳೆ ಬಿಲ್ಲಿನ ಹಣ, ತೆರಿಗೆ ಕಡಿಮೆ ಮಾಡುವ ಪತ್ರ) ಕೊಡುವ ಗಡುವು ಮುಗಿದಿದ್ದರೂ, ಜಿಎಸ್‌ಟಿ ನಂಬರ್ ಇಲ್ಲದ ನಮ್ಮಂಥವರು ಪೋರ್ಟಲಿನಲ್ಲಿ ನೇರವಾಗಿ ರೀಫಂಡ್ ಕೇಳಬಹುದು. 2022ರ ಡಿಸೆಂಬರಿನಲ್ಲೇ ಇದಕ್ಕೆ ಸುತ್ತೋಲೆ ಬಂದಿದೆ.

ನಿನ್ನೆ ಆ ಎಂಟು ಸಾಲಿನ ಪತ್ರಕ್ಕೆ ಸಹಿ ಹಾಕದೆ ಎದ್ದು ಬಂದೆವು. ಮನೆಗೆ ಬಂದು ನಾನೇ ಮೇಲ್ ಬರೆದೆ. ಶೇ 10 ಹಿಡಿದುಕೊಂಡು ಉಳಿದ 8 ಲಕ್ಷದ 60 ಸಾವಿರ ವಾಪಸ್ ಕೊಡಿ, ಹಣ ಖಾತೆಗೆ ಬಂದ ದಿನವೇ ರದ್ದು ಪತ್ರ ರಿಜಿಸ್ಟರ್ ಮಾಡಿಕೊಡುತ್ತೇವೆ ಅಂತ. ಮಾದರಿ ಕರಾರಿನ ಪ್ರಕಾರ ನೋಡಿದರೆ ಹೋಗಬೇಕಾದದ್ದು ಬುಕಿಂಗಿನ 2 ಲಕ್ಷ ಮಾತ್ರ. ಆದರೆ ಅಗ್ರಿಮೆಂಟಿನ 4ನೇ ಪುಟದಲ್ಲಿ "ಬುಕಿಂಗ್ ಹಣ" ಅಂದರೆ ಒಟ್ಟು ಬೆಲೆಯ ಶೇ 10 ಅಂತ ಬರೆದುಕೊಂಡಿದ್ದಾರೆ. ಅದನ್ನೂ ಯಾರೂ ಓದಿ ಹೇಳಿರಲಿಲ್ಲ. ಒಂದು ತಿಂಗಳು ಕಾಯುತ್ತೇವೆ. ಆಗದಿದ್ದರೆ ರೇರಾದಲ್ಲಿ ದೂರು ಕೊಡುತ್ತೇವೆ. ಅಲ್ಲಿ ಗೆದ್ದ ಮೇಲೂ ವಸೂಲಿಗೆ ಡಿಸಿ ಕಚೇರಿ, ತಹಸೀಲ್ದಾರ್ ಅಂತ ಓಡಾಡಬೇಕು ಅನ್ನುವುದು ಗೊತ್ತಿದೆ. ಓಡಾಡ್ತೀವಿ.

ನಿಮ್ಮಲ್ಲಿ ಯಾರ ಮನೆಯ ಬೀರುವಿನಲ್ಲಿ ಇಂಥ ಅಗ್ರಿಮೆಂಟ್ ಇದೆಯೋ, ಕ್ಯಾನ್ಸಲೇಶನ್ ಷರತ್ತಿನ ಪುಟ ಮತ್ತು "ಬುಕಿಂಗ್ ಹಣ" ಅಂದರೆ ಏನು ಅಂತ ಬರೆದಿರುವ ಪುಟ, ಈ ಎರಡರ ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ಸಹಿ ಹಾಕಿರದಿದ್ದರಂತೂ ಇವತ್ತೇ ಕಳಿಸಿ. ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರ್ತೀನಿ. ಒಂದೊಂದು ಸಾಲೂ ಓದಿ, ಕನ್ನಡದಲ್ಲಿ ಹೇಳ್ತೀನಿ.