ಪಿನ್‌ಕೋಡ್ ಬರುವ ಮೊದಲೇ ಮುಳುಗಿದ ಊರುಗಳು

ಶರಾವತಿ ಮುಳುಗಡೆ ಬಗ್ಗೆ ಬರೆಯುವವರು, ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಯಾರಿಗೆ ಪರಿಹಾರ ಸಿಕ್ಕಿತು, ಯಾರಿಗೆ ಇನ್ನೂ ಹಕ್ಕುಪತ್ರ ಬಂದಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಲೇಬೇಕು. ಆದರೆ ಮುಳುಗಿದ ಆ ಊರುಗಳಲ್ಲಿ ಯಾರೆಲ್ಲ ಇದ್ದರು, ಅವರಿಗೆ ಎಲ್ಲೆಲ್ಲಿ ನೆಂಟರಿದ್ದರು, ನೀರು ಬಂದಾಗ ಯಾವ ದಿಕ್ಕಿಗೆ ಹೋದರು ಎಂದು ಕೇಳಿದರೆ ನಾವೆಲ್ಲ ಕಂದಾಯ ಇಲಾಖೆಯ ಕಡತವನ್ನೇ ಹುಡುಕುತ್ತೇವೆ. ಅದು ಸಾಲದು. ಹಳೆಯ ಟಪಾಲಿನಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇದೆ, ಅದನ್ನು ನಾವು ಕಣ್ಣೆದುರೇ ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ತಕರಾರು.

ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ನಡುವೆ ಎಂಟು ವರ್ಷ. ಅಂದರೆ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಹಿನ್ನೀರಿಗೆ ಹೋದ ಊರುಗಳಿಗೆ ಪಿನ್‌ಕೋಡೇ ಸಿಗಲಿಲ್ಲ. ಇವತ್ತು ಇಂಟರ್‌ನೆಟ್ಟಿನಲ್ಲಿ 577401 ಎಂದು ಹೊಡೆದರೆ ಸಾಗರ ಬರುತ್ತದೆ. ಮುಳುಗಿದ ಊರಿನ ಹೆಸರು ಹೊಡೆದರೆ ಅದೇ ಹೆಸರಿನ ಬೇರೆ ಯಾವುದೋ ಊರು ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಈಗಿನ ವಿಳಾಸದ ಪಟ್ಟಿಗಳು ಪಿನ್‌ಕೋಡ್ ಹಿಡಿದೇ ತಯಾರಾಗುವುದರಿಂದ, ಅದಕ್ಕೂ ಮೊದಲು ಹೋದ ಊರು ಆ ಪಟ್ಟಿಗಳಲ್ಲಿ ಸಿಗುವುದಿಲ್ಲ.

ಕಂದಾಯದ ದಾಖಲೆಯಲ್ಲಿ ಏನು ತೊಂದರೆ ಅಂತ ಕೇಳಬಹುದು. ಪಹಣಿಗೆ ಬೇಕಿರುವುದು ಜಮೀನು. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು. ಜನರೇ ಇಲ್ಲದ ಬೇಚರಾಕ್ ಗ್ರಾಮಕ್ಕೂ ಅಲ್ಲಿ ಜಾಗ ಇದೆ. ಆದರೆ ಅದೇ ಜಮೀನಿನಲ್ಲಿ ಮೂರು ತಲೆಮಾರಿನಿಂದ ಉಳುತ್ತಿದ್ದ ಗೇಣಿದಾರನ ಹೆಸರು ಎಷ್ಟು ಕಡೆ ಇತ್ತು? ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ಸಾಗರ ತಾಲ್ಲೂಕಿನಲ್ಲಿ. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನೀರು ಬಂದದ್ದು ಇವೆರಡರ ಮಧ್ಯೆ. ಜಮೀನು ಹೆಸರಿಗಿಲ್ಲದವನು ಕಡತದಲ್ಲಿ ಹೇಗೆ ಸಿಗುತ್ತಾನೆ? ಕೂಲಿಗೆ ಬಂದವರು, ಮನೆಗೆಲಸದವರು, ತವರಿಗೆ ಬಂದು ಕೂತಿದ್ದ ವಿಧವೆಯರು, ಇವರ್‍ಯಾರೂ ಅಲ್ಲಿಲ್ಲ.

ಟಪಾಲಿಗೆ ಜಮೀನು ಬೇಕಿರಲಿಲ್ಲ. ಹೆಸರು, ಊರು ಇದ್ದರೆ ಸಾಕಿತ್ತು.

ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು, ಅದರಲ್ಲಿ 19,184 ಹಳ್ಳಿಗಾಡಿನವು. ಕಚೇರಿ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಮಲೆನಾಡಿನ ಬ್ರಾಂಚ್ ಪೋಸ್ಟ್ ಆಫೀಸ್ ಅಂದರೆ ಯಾರದೋ ಮನೆಯ ಜಗಲಿ. ಒಂದು ಮರದ ಪೆಟ್ಟಿಗೆ, ತಕ್ಕಡಿ, ಠಸ್ಸೆ, ಮಸಿಯ ಪ್ಯಾಡು, ಅರಗು. ಶಾಲೆ ಮೇಷ್ಟ್ರೋ ಅಂಗಡಿಯವರೋ ಸಣ್ಣ ಭತ್ಯೆಗೆ ಪೋಸ್ಟ್ ಮಾಸ್ಟರ್ ಆಗಿರುತ್ತಿದ್ದರು. ರನ್ನರ್ ಚೀಲ ಹೊತ್ತು ಬಂದರೆ ಜಗಲಿಯಲ್ಲಿ ಜನ ಸೇರುತ್ತಿದ್ದರು. ಓದಲು ಬಾರದವರಿಗೆ ಕಾಗದ ಓದಿ ಹೇಳುವುದು, ಉತ್ತರ ಬರೆದುಕೊಡುವುದು ಎಲ್ಲ ಅಲ್ಲೇ. ಮನಿಯಾರ್ಡರ್ ಬಂದರೆ ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಗುರುತು ಹಿಡಿದು ಹೇಳುವ ಸಾಕ್ಷಿಯ ಸಹಿ ಬೇಕು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು ಊರಿಗೆ ಕಳಿಸುತ್ತಿದ್ದ ಹತ್ತಿಪ್ಪತ್ತು ರೂಪಾಯಿಗೂ ಇಂಥದೇ ಫಾರಂ. ಪಹಣಿ ಹತ್ತಿರ ಸೇರಿಸದವರನ್ನು ಈ ಫಾರಂ ಹೆಸರು, ಊರು, ತಾರೀಖಿನ ಸಮೇತ ಬರೆದಿಟ್ಟುಕೊಳ್ಳುತ್ತಿತ್ತು.

ಅಂಥ ಒಂದು ಕಾರ್ಡನ್ನು ಹೇಗೆ ಓದಬೇಕು ಅಂತ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಒಕ್ಕಣೆ ಮಾತ್ರ ಓದಿ ಪಕ್ಕಕ್ಕಿಡುತ್ತಾರೆ. ನಮ್ಮ ನೆಂಟರ ಮನೆಯ ಅಟ್ಟದಲ್ಲಿ ಸಿಕ್ಕ ಕಾರ್ಡು ಈಗ ನನ್ನ ಮುಂದಿದೆ. ನಡುವೆ ಒಂದು ತೂತು. ಹಳೇ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ಕೊಕ್ಕೆ ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರಲ್ವಾ, ಅದರ ಗುರುತು. ‘ಉಭಯ ಕುಶಲೋಪರಿ ಸಾಂಪ್ರತ’ ಆದ ಮೇಲೆ ಅಡಿಕೆ ಕೊನೆ ಕೊಯ್ಲಿನ ಮಾತು, ಒಂದು ಮದುವೆ ಮಾತು. ಅದು ಇರಲಿ. ವಿಳಾಸದ ಕಡೆ ಎರಡು ಠಸ್ಸೆ ಇವೆ. ಒಂದು ಹೊರಟ ಕಚೇರಿಯದು, ಇನ್ನೊಂದು ತಲುಪಿದ ಕಚೇರಿಯದು. ಎರಡೂ ತಾರೀಖು ನೋಡಿದರೆ ಮಳೆಗಾಲದಲ್ಲಿ ಆ ಊರು ಎಷ್ಟು ದೂರ ಆಗುತ್ತಿತ್ತು ಅಂತ ತಿಳಿಯುತ್ತದೆ. ನಕ್ಷೆಯಲ್ಲಿ ನಾಲ್ಕು ಗಾವುದವೂ ಇಲ್ಲದ ಜಾಗಕ್ಕೆ ವಾರಗಟ್ಟಲೆ ಹಿಡಿದಿದೆ. ‘ವಯಾ’ ಅಂತ, ಅಂದರೆ ಯಾವ ಊರಿನ ಮೂಲಕ ಹೋಗಬೇಕು ಅಂತ, ಬರೆದ ಹೆಸರು ಇನ್ನೂ ಮುಖ್ಯ. ಆ ಊರಿನವರು ಸಾಗರದ ಸಂತೆಗೆ ಸೇರಿದವರೋ, ಹೊಸನಗರದ ಕಡೆಯವರೋ, ಘಟ್ಟ ಇಳಿದು ವ್ಯವಹಾರ ಮಾಡುತ್ತಿದ್ದವರೋ ಅಂತ ಅದರಲ್ಲೇ ಗೊತ್ತಾಗುತ್ತದೆ. ನೀರು ನಿಂತ ಮೇಲೆ ಹಾದಿಗಳೇ ಬದಲಾದವು. ಹೊಳೆಬಾಗಿಲಿನಿಂದ ಕಳಸವಳ್ಳಿಗೆ, ತುಮರಿಗೆ ಹೋಗುವವರು 2025ರಲ್ಲಿ ಸೇತುವೆ ಆಗುವ ತನಕ ಲಾಂಚಿಗೆ ಕಾಯಬೇಕಾಯಿತು. ಅದಕ್ಕೂ ಮೊದಲು ಯಾವ ಊರಿಗೆ ಯಾವ ದಾರಿ ಇತ್ತು ಅನ್ನುವುದಕ್ಕೆ ಈ ‘ವಯಾ’ ಸಾಕ್ಷಿ.

ಆದರೆ ಈ ಕಾರ್ಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೊದಲಿನ ವಿಳಾಸದ ಮೇಲೆ ಒಂದು ಗೀಟು ಎಳೆದಿದೆ. ಪಕ್ಕದಲ್ಲಿ ಬೇರೆ ಕೈಬರಹ, ಬೇರೆ ಮಸಿ. ಹೊಸ ಊರು ಶಿವಮೊಗ್ಗದ ಕಡೆಯದು. ಅಂದರೆ ಕಾಗದ ಬರೆದವರಿಗೆ ಇವರು ಊರು ಬಿಟ್ಟ ಸುದ್ದಿ ಮುಟ್ಟಿರಲಿಲ್ಲ. ಪೋಸ್ಟಿನವರಿಗೆ ಮಾತ್ರ ಎಲ್ಲಿ ಹೋದರು ಅಂತ ಗೊತ್ತಿತ್ತು. ಅವರೇ ಗೀಟು ಎಳೆದು, ಹೊಸ ಊರು ಬರೆದು ಮುಂದಕ್ಕೆ ಕಳಿಸಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಒಂದು ಕುಟುಂಬಕ್ಕೆ ಎಲ್ಲಿ ಜಾಗ ಕೊಟ್ಟರು ಅಂತ ಇರಬಹುದು. ಅವರು ನಿಜಕ್ಕೂ ಎಲ್ಲಿ ಹೋಗಿ ಬಿಡಾರ ಹೂಡಿದರು, ಮೊದಲು ಯಾವ ನೆಂಟರ ಮನೆಯಲ್ಲಿ ಉಳಿದರು ಅನ್ನುವುದು ಇಂಥ ಕಾರ್ಡುಗಳಲ್ಲೇ ಇದೆ. ಒಂದೇ ಮುಳುಗಿದ ಊರಿಗೆ ಬರೆದ, ಹೀಗೆ ವಿಳಾಸ ತಿದ್ದಿದ ಇಪ್ಪತ್ತು ಕಾರ್ಡು ಒಟ್ಟಿಗೆ ಸಿಕ್ಕರೆ ಆ ಊರು ಹೇಗೆ ಚದುರಿತು ಅಂತ ನಕ್ಷೆ ಬರೆಯಬಹುದು. ಇದು ನನಗೆ ಅಷ್ಟು ದೊಡ್ಡ ಸಂಗತಿ.

ಟಪಾಲಿನಲ್ಲೂ ಎಲ್ಲ ಸಿಗುವುದಿಲ್ಲ, ಒಪ್ಪುತ್ತೇನೆ. ಸಾವಿನ ಸುದ್ದಿ ಬಂದ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ನಮ್ಮಲ್ಲಿ ರೂಢಿ. ಹಾಗಾಗಿ ತಂತಿಯಲ್ಲಿ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು ಉಳಿದಿವೆ, ಸತ್ತವರ ಸುದ್ದಿ ಉಳಿದಿಲ್ಲ. ಬರೆಯುವವರೇ ಯಾರೂ ಇಲ್ಲದ ಬಡ ಕೇರಿಗಳಿಗೆ ಕಾಗದ ಬಂದದ್ದೂ ಕಡಿಮೆ. ಆದರೂ ಬೇರೆಲ್ಲೂ ಇಲ್ಲದ ಹೆಸರುಗಳು ಇಲ್ಲಿವೆ.

ಇದು ಶರಾವತಿಯ ಕಥೆ ಮಾತ್ರ ಅಲ್ಲ. ಕಾಳಿ ನದಿಯ ಸೂಪಾ ನೋಡಿ. ತಾಲ್ಲೂಕು ಕೇಂದ್ರವಾಗಿದ್ದ ಊರು, ಅಣೆಕಟ್ಟಿನ ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಆದರೆ 2011ರ ಜನಗಣತಿಯಲ್ಲೂ ತಾಲ್ಲೂಕಿನ ಹೆಸರು ಸೂಪಾ ಅಂತಲೇ ಇದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ ಎಲ್ಲರೂ ಚರ್ಚಿನ ಫೋಟೋ ತೆಗೆಯುತ್ತಾರೆ, ಆ ಚರ್ಚಿಗೆ ಬರುತ್ತಿದ್ದ ಮನೆಗಳು ಎಲ್ಲಿ ಹೋದವು ಅಂತ ಕೇಳುವವರು ಕಡಿಮೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದು, ಅದರಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಕಂಡಾಗಲೂ ಹಾಗೇ. ಡ್ರೋನ್ ವಿಡಿಯೋ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳಲು ನಮ್ಮ ಹತ್ತಿರ ಹೆಸರುಗಳಿರಬೇಕಿತ್ತು ಅನ್ನುವುದೇ ಬೇಸರ.

ಹಾಗಾದರೆ ಕಚೇರಿಯ ದಾಖಲೆಗಳು ಎಲ್ಲಿವೆ? ದಿನದ ಲೆಕ್ಕ, ಮನಿಯಾರ್ಡರ್ ರಸೀದಿಗಳನ್ನೆಲ್ಲ ಇಂತಿಷ್ಟು ಅವಧಿ ಇಟ್ಟು ಆಮೇಲೆ ನಾಶ ಮಾಡುವುದು ಇಲಾಖೆಯ ನಿಯಮ. ಅಂಚೆ ಕೇಂದ್ರ ಸರ್ಕಾರದ್ದಾದ್ದರಿಂದ ಅದರ ಕಾಗದ ತಾನಾಗಿ ರಾಜ್ಯ ಪತ್ರಾಗಾರಕ್ಕೆ ಬರುವುದೂ ಇಲ್ಲ. ಇಲ್ಲಿ ಎರಡು ಸರ್ಕಾರಗಳೂ ಕೂತು ಮಾತಾಡಬೇಕು. ಯಾವ ಬ್ರಾಂಚ್ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಅದರ ಬೀಟಿಗೆ ಯಾವ ಯಾವ ಹಳ್ಳಿ ಸೇರಿದ್ದವು ಎಂಬ ಹಳೆಯ ಆದೇಶ, ಪಟ್ಟಿಗಳು ಎಲ್ಲಿ ಉಳಿದಿದ್ದರೂ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಕೊಡಬೇಕು. ಮುಳುಗಡೆ ಸಂತ್ರಸ್ತರ ಮೊಮ್ಮಕ್ಕಳು ಇವತ್ತಿಗೂ ‘ನೀವು ಅಲ್ಲಿದ್ದಿರಿ ಅನ್ನೋದಕ್ಕೆ ದಾಖಲೆ ಏನಿದೆ?’ ಎಂಬ ಪ್ರಶ್ನೆ ಎದುರಿಸುತ್ತಿದ್ದಾರೆ. ಠಸ್ಸೆ ಬಿದ್ದ ಕಾರ್ಡು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಅನ್ನುವುದು ವಕೀಲರ ಮಾತು. ಇತಿಹಾಸಕ್ಕಂತೂ ಅದು ಗಟ್ಟಿ ದಾಖಲೆ.

ಸರ್ಕಾರ ಮಾಡುವ ತನಕ ಸುಮ್ನೆ ಕೂರುವುದು ಬೇಡ. ಹಳೇ ಮನೆ ಕೆಡವುವಾಗ, ಅಟ್ಟ ಗುಡಿಸುವಾಗ ಕಾಗದದ ಕಂತೆಯನ್ನು ಗುಜರಿಗೆ ಹಾಕಬೇಡಿ. ಸ್ಟಾಂಪ್ ಸಂಗ್ರಹ ಮಾಡುವ ಮಕ್ಕಳಿಗೆ ಸ್ಟಾಂಪ್ ಕತ್ತರಿಸಿ ಕೊಡಬೇಡಿ, ಅದರ ಜತೆ ಊರಿನ ಹೆಸರಿರುವ ಠಸ್ಸೆಯೂ ಅರ್ಧ ಹೋಗುತ್ತದೆ. ಕಾರ್ಡಿನ ಎರಡೂ ಬದಿ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಯಾರ ಮನೆಯಲ್ಲಿ ಸಿಕ್ಕಿತು, ಅವರು ಮೊದಲು ಯಾವ ಊರಿನವರು ಅಂತ ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದಿಡಿ. ಅವರಿಗೂ ಈಗ ಎಂಬತ್ತು ದಾಟಿದೆ.

ಸಾಗರ, ಹೊಸನಗರ ಕಡೆ 1964ಕ್ಕೂ ಹಿಂದಿನ ಕಾರ್ಡು, ಕವರು ನಿಮ್ಮಲ್ಲಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಸಾಲ, ಜಗಳ, ಮನೆಯ ಕಷ್ಟ ಬರೆದ ಭಾಗವನ್ನು ಮುಚ್ಚಿಯೇ ಫೋಟೋ ಕಳಿಸಿ, ಅದು ನಿಮ್ಮ ಮನೆಯದು. ನನಗೆ ಬೇಕಿರುವುದು ಊರಿನ ಹೆಸರು, ಠಸ್ಸೆ, ತಾರೀಖು, ಮತ್ತು ಗೀಟು ಎಳೆದಿದ್ದರೆ ಪಕ್ಕದಲ್ಲಿ ಬರೆದ ಹೊಸ ಊರು.